ಚಕ್ರತಾಳದ ಪರೀಕ್ಷೆ: ಹಾಡಿನ ಆ್ಯಪ್‌ಗೆ ಹಣ ಕಟ್ಟುವ ಮೊದಲು

ಮೊನ್ನೆ ನೀರ್ಚಾಲಿನಿಂದ ಭಾವ ಫೋನ್ ಮಾಡಿದರು. "ಹಾಡು ಕೇಳಲಿಕ್ಕೆ ಯಾವ ಆ್ಯಪ್ ಒಳ್ಳೆಯದು ಮಾರಾಯ? ಹಣ ಹೋದರೆ ಹೋಗಲಿ, ಸೌಂಡ್ ಚೆಂದ ಬೇಕು. ಈಗ ಸುತ್ತಲಿಂದ ಕೇಳುವ ಹಾಗೆ ಬರುತ್ತದಂತಲ್ಲ, ಅದೂ ಬೇಕು." ನಾನು ತಿರುಗಿ ಮೂರು ಪ್ರಶ್ನೆ ಕೇಳಿದೆ. ಎಂತ ಕೇಳ್ತೀರಿ ಭಾವ? ಎಂತದರಲ್ಲಿ ಕೇಳ್ತೀರಿ? ಎಲ್ಲಿ ಕೂತು ಕೇಳ್ತೀರಿ? ಅವರಿಗೆ ಸ್ವಲ್ಪ ಬೇಜಾರಾಯಿತು, ಒಂದು ಹೆಸರು ಹೇಳಿದ್ದರೆ ಸಾಕಿತ್ತು ಅವರಿಗೆ. ಆದರೆ ಈ ಮೂರಕ್ಕೆ ಉತ್ತರ ಸಿಗದೆ ಯಾರು ಯಾವ ಹೆಸರು ಹೇಳಿದರೂ ಅದು ಬರೀ ಅಂದಾಜು. ಅವತ್ತು ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಾನಿರುವುದು ಪೆರ್ಲದ ಹತ್ತಿರ. ಗುಡ್ಡದ ಬುಡದಲ್ಲಿ ತೋಟ, ತೋಟದ ತಲೆಯಲ್ಲಿ ಮನೆ. ಫೈಬರ್ ಉಂಟು, ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಹೋಯಿತು. ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಎರಡು ಕಡ್ಡಿ, ಅಡುಗೆಮನೆಯಲ್ಲಿ ಇಲ್ಲ. ನಮ್ಮ ಕಾಸರಗೋಡಿನ ಸುಮಾರು ಮನೆಗಳ ಕಥೆ ಇದೇ, ಅಲ್ವಾ? ಆದ್ದರಿಂದ ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವರು ಕೊಡುವ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ.

ಮೊದಲು ಹಾಡು ಉಂಟಾ ನೋಡಿ

ಎಲ್ಲಕ್ಕಿಂತ ಮೊದಲ ಕೆಲಸ ಇದು. ಒಂದು ಕಾಗದ ತೆಗೆದುಕೊಳ್ಳಿ. ನೀವು ನಿಜವಾಗಿ ಕೇಳುವ 20 ಹಾಡು ಬರೆಯಿರಿ. ಕೇಳಬೇಕು ಅಂತ ಆಸೆ ಇರುವಂಥದ್ದು ಬೇಡ, ಕಳೆದ ಒಂದು ತಿಂಗಳಲ್ಲಿ ಕೇಳಿದ್ದು ಬರೆಯಿರಿ. ಆಮೇಲೆ ಒಂದೊಂದೇ ಆ್ಯಪ್ ಹಾಕಿಕೊಂಡು ಹುಡುಕಿ. ಹುಡುಕಲಿಕ್ಕೆ ಹೆಚ್ಚಿನವು ಹಣ ಕೇಳುವುದಿಲ್ಲ.

ನನ್ನ ಪಟ್ಟಿಯಲ್ಲಿ ಎಂಟು ಯಕ್ಷಗಾನದ ಪದಗಳಿದ್ದವು, ನಾಲ್ಕು ಕರ್ನಾಟಕ ಸಂಗೀತ, ಐದು ಹಳೆಯ ಕನ್ನಡ ಸಿನಿಮಾ ಹಾಡು, ಎರಡು ಮಲಯಾಳಂ, ಒಂದು ತುಳು. ಕುಂಬಳೆ ಸೀಮೆಯವರಿಗೆ ಯಕ್ಷಗಾನ ಇಲ್ಲದ ಪಟ್ಟಿ ಎಲ್ಲಿಂದ ಬರಬೇಕು, ಪಾರ್ತಿಸುಬ್ಬನ ಊರಲ್ವಾ ಇದು! ಆದರೆ ಹಿಮ್ಮೇಳದ ಒಳ್ಳೆಯ ರೆಕಾರ್ಡಿಂಗ್ ಹೆಚ್ಚು ಸಿಗುವುದು ಯೂಟ್ಯೂಬಿನಲ್ಲಿ. ಯಾರೋ ಪುಣ್ಯಾತ್ಮರು ಇಡೀ ರಾತ್ರಿ ಕೂತು ರೆಕಾರ್ಡ್ ಮಾಡಿ ಏರಿಸಿರುತ್ತಾರೆ. ಯೂಟ್ಯೂಬ್ ಮ್ಯೂಸಿಕ್ ಮಾತ್ರ ಇಂಥ ವಿಡಿಯೋಗಳನ್ನೂ ತನ್ನ ಹಾಡಿನ ಸಾಲಿಗೆ ಸೇರಿಸಿಕೊಳ್ಳುತ್ತದೆ. ಬೇರೆ ಆ್ಯಪ್‌ಗಳಲ್ಲಿ ಕಂಪೆನಿಗಳು ಬಿಡುಗಡೆ ಮಾಡಿದ ಆಲ್ಬಂ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ 20ರಲ್ಲಿ ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಎಲ್ಲವೂ ಸಿಕ್ಕಿತು. ಬೇರೆ ಎರಡು ಆ್ಯಪ್‌ಗಳಲ್ಲಿ 13, 14ಕ್ಕೆ ನಿಂತಿತು.

ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಲಾಸ್‌ಲೆಸ್ ಇಲ್ಲ, ಅಂದರೆ ಚೂರೂ ಕಳೆಯದೆ ಬರುವ ಸದ್ದು ಇಲ್ಲ. ಹಣ ಕೊಟ್ಟರೆ ಹೆಚ್ಚೆಂದರೆ 256 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್). ಹಾಗಿದ್ದರೂ ಬಯಲಿನಲ್ಲಿ ಮೈಕ್ ಹಿಡಿದು ಮಾಡಿದ ರೆಕಾರ್ಡಿಂಗಿಗೆ ಅಷ್ಟು ಧಾರಾಳ ಸಾಕು. ಮೂಲದಲ್ಲಿ ಇಲ್ಲದ ಸದ್ದನ್ನು ಯಾವ ಆ್ಯಪ್ ಕೂಡ ಹುಟ್ಟಿಸಿ ಕೊಡುವುದಿಲ್ಲ.

ಅಂಕಿಗಳ ಅರ್ಥ ಇಷ್ಟೇ

ಸಿಡಿಯನ್ನೇ ಅಳತೆಗೋಲು ಅಂತ ಇಟ್ಟುಕೊಳ್ಳಿ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಒಂದು ಸೆಕೆಂಡಿನ ಸದ್ದನ್ನು 44,100 ಸಲ ಅಳೆದು, ಒಂದೊಂದು ಅಳತೆಯನ್ನು 16 ಬಿಟ್‌ನಲ್ಲಿ ಬರೆದಿಡುತ್ತಾರೆ. ಎಡ ಬಲ ಎರಡೂ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್. ಮನುಷ್ಯನ ಕಿವಿಗೆ ಕೇಳುವ ಅತಿ ಮೇಲಿನ ಕೀರಲು ಸದ್ದು ಹೆಚ್ಚುಕಡಿಮೆ 20 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 20,000 ಕಂಪನ, ಅದೂ ಮಕ್ಕಳ ಕಿವಿಗೆ. ಅದರ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಸಲ ಅಳೆದರೆ ಕಿವಿಗೆ ಬೇಕಾದ್ದೆಲ್ಲ ಅದರಲ್ಲಿ ಬಂತು. ಆ 44.1ರ ಲೆಕ್ಕ ಹುಟ್ಟಿದ್ದು ಹಾಗೆ.

ಲಾಸ್‌ಲೆಸ್ ಅಂದರೆ ಈ ಅಳತೆಯಲ್ಲಿ ಒಂದನ್ನೂ ಬಿಸಾಡದೆ, ಬರೀ ಮಡಚಿ ಸಣ್ಣದು ಮಾಡಿ ಕಳಿಸುವುದು. ಬಟ್ಟೆ ಮಡಚಿ ಪೆಟ್ಟಿಗೆಗೆ ಇಟ್ಟ ಹಾಗೆ, ಬಿಡಿಸಿದರೆ ಅದೇ ಬಟ್ಟೆ. 320 ಕೆಬಿಪಿಎಸ್, 256 ಕೆಬಿಪಿಎಸ್ ಅನ್ನುವವು ಬೇರೆ ಜಾತಿ. ಒಂದು ದೊಡ್ಡ ಸದ್ದಿನ ಅಡಿಯಲ್ಲಿ ಮುಚ್ಚಿಹೋಗುವ ಸಣ್ಣ ಸದ್ದನ್ನು ಕಿವಿ ಹೇಗೂ ಗುರುತಿಸುವುದಿಲ್ಲ ಅಂತ ಲೆಕ್ಕ ಹಾಕಿ ಅದನ್ನು ತೆಗೆದುಹಾಕುತ್ತವೆ. ಒಮ್ಮೆ ತೆಗೆದದ್ದು ಮತ್ತೆ ಬರುವುದಿಲ್ಲ. ಹೈ-ರೆಸ್ ಅಂದರೆ ಸಿಡಿಗಿಂತಲೂ ಮೇಲೆ, 24 ಬಿಟ್, 96 ಅಥವಾ 192 ಕಿಲೋಹರ್ಟ್ಸ್. ಸ್ಟುಡಿಯೋದಲ್ಲಿ ಮಿಕ್ಸ್ ಮಾಡುವವರಿಗೆ ಅದರ ಉಪಯೋಗ ತುಂಬ ಉಂಟು. ಕೂತು ಕೇಳುವ ನಮಗೆ ಅದಕ್ಕಾಗಿ ಜಾಸ್ತಿ ಖರ್ಚು ಮಾಡುವ ಅಗತ್ಯ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನಮ್ಮ ದೇಶದಲ್ಲಿ ಸಿಗುವವುಗಳನ್ನು ನೋಡುವ. ಆ್ಯಪಲ್ ಮ್ಯೂಸಿಕ್ 2021ರ ಜೂನ್‌ನಿಂದ ಲಾಸ್‌ಲೆಸ್ ಮತ್ತು ಡಾಲ್ಬಿ ಅಟ್ಮಾಸ್ (ಭಾವ ಕೇಳಿದ ಆ ಸುತ್ತಲಿಂದ ಬರುವ ಸದ್ದು) ಎರಡನ್ನೂ ಮಾಮೂಲಿ ಪ್ಲಾನಿನಲ್ಲೇ ಕೊಡುತ್ತಿದೆ, ಲಾಸ್‌ಲೆಸ್ 24 ಬಿಟ್ 192ರ ತನಕ. ಐಫೋನೇ ಬೇಕೆಂದಿಲ್ಲ, ಆಂಡ್ರಾಯ್ಡ್‌ನಲ್ಲೂ ಆ್ಯಪ್ ಉಂಟು. ಸ್ಪಾಟಿಫೈ ಬಹಳ ವರ್ಷ 320ರಲ್ಲೇ ನಿಂತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಲಾಸ್‌ಲೆಸ್ ಶುರು ಮಾಡಿತು, 24 ಬಿಟ್ 44.1 ಕಿಲೋಹರ್ಟ್ಸ್ ತನಕ. ಭಾರತದಲ್ಲಿ ಅದು ಪ್ಲಾಟಿನಂ ಎಂಬ ಮೇಲಿನ ಪ್ಲಾನಿಗೆ ಸೇರಿದ್ದು, ಕೆಳಗಿನ ಪ್ಲಾನ್ ತೆಗೆದುಕೊಂಡು ಲಾಸ್‌ಲೆಸ್ ಎಲ್ಲಿ ಅಂತ ಹುಡುಕಬೇಡಿ. ಅದರಲ್ಲಿ ಅಟ್ಮಾಸ್ ಇಲ್ಲ. ಜಿಯೋಸಾವನ್ ಹಣ ಕೊಟ್ಟವರಿಗೆ 320. ವಿದೇಶದವರು ಹೊಗಳುವ ಟೈಡಲ್, ಕೋಬಝ್ ನಮ್ಮಲ್ಲಿ ಅಧಿಕೃತವಾಗಿ ಸಿಗುವುದಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಂಡವರನ್ನು ನಾನು ಬಲ್ಲೆ, ಪ್ರತಿ ಸಲ ಹಣ ಕಟ್ಟುವಾಗ ಅವರಿಗೆ ತಲೆಬಿಸಿ. ಬಿಟ್ಟುಬಿಡಿ.

ದರ ನಾನು ಬರೆಯುವುದಿಲ್ಲ, ಅದು ಬದಲಾಗುತ್ತಾ ಇರುತ್ತದೆ. ಒಂದು ತಿಂಗಳು ಪುಕ್ಕಟೆ ಕೊಡುವವರು ಇದ್ದೇ ಇರುತ್ತಾರೆ. ಮೊದಲು ಅದನ್ನು ಉಪಯೋಗಿಸಿ, ವರ್ಷದ್ದು ಒಟ್ಟಿಗೆ ಕಟ್ಟಬೇಡಿ.

ಎಂತದರಲ್ಲಿ ಕೇಳುತ್ತೀರಿ

ಹೆಚ್ಚಿನವರ ಹಣ ಪೋಲಾಗುವುದು ಇಲ್ಲಿ. ನನ್ನದೂ ಪೋಲಾಗಿದೆ. ಒಂದು ಆ್ಯಪಿನ ಒಳ್ಳೆಯ ಪ್ಲಾನಿಗೆ ವರ್ಷದ ಹಣ ಕಟ್ಟಿ, ಆರು ತಿಂಗಳು ಬ್ಲೂಟೂತ್ ಇಯರ್‌ಬಡ್‌ನಲ್ಲಿ ಕೇಳಿದೆ. ಲಾಸ್‌ಲೆಸ್ ಅಂತ ಪರದೆಯ ಮೇಲೆ ಬರುತ್ತಿತ್ತು, ಕಿವಿಗೆ ಬರುತ್ತಿರಲಿಲ್ಲ. ಬ್ಲೂಟೂತ್ ಮೂಲಕ ಹೋಗುವಾಗ ಫೋನ್ ಆ ಸದ್ದನ್ನು ಇನ್ನೊಮ್ಮೆ ಕುಗ್ಗಿಸಿ ಕಳಿಸುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಎಲ್ಲ ಬ್ಲೂಟೂತಿನಲ್ಲೂ ಇರುವ ಎಸ್‌ಬಿಸಿ ಎಂಬ ಮಾಮೂಲಿ ಕೋಡೆಕ್ (ಸದ್ದನ್ನು ಕುಗ್ಗಿಸುವ ವಿಧಾನ) 328 ಕೆಬಿಪಿಎಸ್ ಆಸುಪಾಸು. ಏರ್‌ಪಾಡ್ಸ್‌ನಂಥವು ಬಳಸುವ ಎಎಸಿ 256ರ ಸುತ್ತ. ಸೋನಿಯವರ ಎಲ್‌ಡಿಎಸಿ ಚೆನ್ನಾಗಿ ಸಿಗ್ನಲ್ ಇದ್ದಾಗ 990ರ ತನಕ ಹೋಗುತ್ತದೆ, ಫೋನ್ ಕಿಸೆಗೆ ಹಾಕಿಕೊಂಡು ತೋಟಕ್ಕೆ ಇಳಿದರೆ ತಾನೇ ಕೆಳಗೆ ಬರುತ್ತದೆ. ಹಾಗಾಗಿ ನೀವು ಕೇಳುವುದೆಲ್ಲ ಬ್ಲೂಟೂತಿನಲ್ಲೇ ಆದರೆ 320 ಇರುವ ಪ್ಲಾನ್ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಇಯರ್‌ಫೋನ್ ತೆಗೆದುಕೊಳ್ಳಿ.

ಲಾಸ್‌ಲೆಸ್ ನಿಜವಾಗಿ ಕೇಳಬೇಕಾದರೆ ವಯರ್ ಬೇಕು. ಈಗಿನ ಹೆಚ್ಚಿನ ಫೋನುಗಳಲ್ಲಿ ವಯರ್ ಚುಚ್ಚುವ ತೂತೇ ಇಲ್ಲ. ಅದಕ್ಕೆ ಟೈಪ್-ಸಿ ಡಾಂಗಲ್ ಸಿಗುತ್ತದೆ, ಹೆಬ್ಬೆರಳಿನಷ್ಟಕ್ಕೆ, ಅದರೊಳಗೇ ಡ್ಯಾಕ್ ಇರುತ್ತದೆ. ಡ್ಯಾಕ್ ಅಂದರೆ ಅಂಕಿಯನ್ನು ಮತ್ತೆ ಸದ್ದು ಮಾಡುವ ಚಿಪ್. ಆ್ಯಪಲ್‌ನವರ ಸಣ್ಣ ಡಾಂಗಲ್ 24 ಬಿಟ್ 48 ಕಿಲೋಹರ್ಟ್ಸ್ ತನಕ ಕೊಡುತ್ತದೆ, ಅದು ಸಿಡಿಗಿಂತ ಮೇಲೆಯೇ. 192 ಕೇಳಲೇಬೇಕೆಂದರೆ ಬೇರೆ ದೊಡ್ಡ ಡ್ಯಾಕ್ ಬೇಕು. ಅದರ ತಂಟೆಗೆ ಹೋಗುವ ಮೊದಲು ಮುಂದೆ ಬರೆದ ಪರೀಕ್ಷೆ ಒಂದು ಸಲ ಮಾಡಿ ನೋಡಿ.

ಫೋನಿನ ಸ್ಪೀಕರಿನಲ್ಲೇ, ಅಡುಗೆ ಮಾಡುತ್ತಾ ಕೇಳುವವರಿಗೆ ಈ ತಲೆಬಿಸಿಯೇ ಇಲ್ಲ. ಹಾಡು ಸಿಗುವ ಆ್ಯಪ್ ಯಾವುದೋ ಅದೇ ಒಳ್ಳೆಯದು.

ಸೆಟ್ಟಿಂಗ್ ತೆರೆದು ನೋಡದಿದ್ದರೆ ಹಣ ಕಟ್ಟಿದ್ದು ದಂಡ

ಹಣ ಕಟ್ಟಿದ ಕೂಡಲೇ ಒಳ್ಳೆಯ ಸೌಂಡ್ ತಾನಾಗಿ ಬರುವುದಿಲ್ಲ. ಹೆಚ್ಚಿನ ಆ್ಯಪ್‌ಗಳು ಮೊದಲಿಗೆ ಆಟೋ ಅಂತ ಇರುತ್ತವೆ, ಸಿಗ್ನಲ್ ಕಡಿಮೆ ಆದಾಗ ಹೇಳದೆ ಕೇಳದೆ ಕೆಳಗಿಳಿಯುತ್ತವೆ. ಪೆರ್ಲದಿಂದ ಅಡ್ಯನಡ್ಕ ದಾಟಿ ವಿಟ್ಲಕ್ಕೆ ಹೋಗುವಾಗ ನನ್ನ ಫೋನ್ ಒಂದು ಕಡೆ ಕೇರಳದ ಟವರ್ ಬಿಟ್ಟು ಕರ್ನಾಟಕದ ಟವರ್ ಹಿಡಿಯುತ್ತದೆ. ಆ ನಡುವಿನ ಒಂದೆರಡು ನಿಮಿಷ ಹಾಡು ನಿಲ್ಲುವುದಿಲ್ಲ, ಆದರೆ ಕೊಳಲಿನ ಉಸಿರು ಮಾಯ, ತಾಳ ಮಬ್ಬು. ಮೊದಮೊದಲು ಇಯರ್‌ಫೋನ್ ಹಾಳಾಯಿತು ಅಂತ ಎಣಿಸಿದ್ದೆ.

ಸೆಟ್ಟಿಂಗಿನಲ್ಲಿ ಆಡಿಯೋ ಕ್ವಾಲಿಟಿ ಅಥವಾ ಮೀಡಿಯಾ ಕ್ವಾಲಿಟಿ ಅಂತ ಇರುತ್ತದೆ. ಅಲ್ಲಿ ಮೂರು ಕಡೆ ಬೇರೆಬೇರೆಯಾಗಿ ಹಾಕಬೇಕು: ವೈಫೈಗೆ ಒಂದು, ಮೊಬೈಲ್ ಡೇಟಾಕ್ಕೆ ಒಂದು, ಡೌನ್‌ಲೋಡಿಗೆ ಒಂದು. ವೈಫೈ ಮತ್ತು ಡೌನ್‌ಲೋಡಿಗೆ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಇಡಿ, ಮೊಬೈಲ್ ಡೇಟಾಕ್ಕೆ 256 ಅಥವಾ 320. ಡೇಟಾ ಸೇವರ್ ಇದ್ದರೆ ತೆಗೆಯಿರಿ. ಸ್ಪಾಟಿಫೈಯಲ್ಲಿ ಲಾಸ್‌ಲೆಸ್ಸನ್ನು ಪ್ರತಿ ಫೋನು, ಪ್ರತಿ ಕಂಪ್ಯೂಟರಿನಲ್ಲೂ ಬೇರೆಯಾಗಿ ಆನ್ ಮಾಡಬೇಕು, ಒಂದರಲ್ಲಿ ಮಾಡಿದರೆ ಇನ್ನೊಂದಕ್ಕೆ ಬರುವುದಿಲ್ಲ. ಈಕ್ವಲೈಜರ್ ಮತ್ತು ಫೋನ್ ಕಂಪೆನಿಯ ಸೌಂಡ್ ಎಫೆಕ್ಟ್ ಎಲ್ಲ ಮೊದಲು ಆಫ್ ಮಾಡಿ ಕೇಳಿ, ಆಮೇಲೆ ಬೇಕಿದ್ದರೆ ಹಾಕಿ.

ಡೇಟಾ ಲೆಕ್ಕ ಒಮ್ಮೆ ನೋಡಿಕೊಳ್ಳಿ. 320 ಕೆಬಿಪಿಎಸ್‌ಗೆ ಗಂಟೆಗೆ 144 ಎಂಬಿ. ಆ್ಯಪಲ್‌ನವರೇ ಕೊಟ್ಟ ಅಂದಾಜಿನಲ್ಲಿ ಮೂರು ನಿಮಿಷದ ಹಾಡಿಗೆ 24 ಬಿಟ್ 48ರ ಲಾಸ್‌ಲೆಸ್ 36 ಎಂಬಿ, 192ರ ಹೈ-ರೆಸ್ 145 ಎಂಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇದ್ದವರು ಹೈ-ರೆಸ್ ಹಾಕಿದರೆ ಅರ್ಧ ಗಂಟೆಯಲ್ಲಿ ಪ್ಯಾಕ್ ಖಾಲಿ. ಆದ್ದರಿಂದ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವ ಅಭ್ಯಾಸ ಮಾಡಿ. ಅಕ್ಟೋಬರಿನಲ್ಲಿ ಸಂಜೆ ಗುಡುಗು ಶುರುವಾದರೆ ನಾವು ಹೇಗೂ ಮೋಡೆಮ್ಮಿನ ಪ್ಲಗ್ ತೆಗೆದಿಡುವವರು. ನಾನು ಬೆಳಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಸಂಜೆಯ ಹಾಡು ಇಳಿಸಿಕೊಂಡಿರುತ್ತೇನೆ.

ಚಕ್ರತಾಳದ ಪರೀಕ್ಷೆ

ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಇನ್ನೊಬ್ಬರು ಹೇಳಿದ್ದು ಬೇಡ, ನಿಮ್ಮ ಕಿವಿಯಲ್ಲೇ ಪರೀಕ್ಷೆ ಮಾಡಿ. ಅದೂ ಯಾವುದು ಯಾವುದೆಂದು ಗೊತ್ತಿಲ್ಲದ ಹಾಗೆ. ಲಾಸ್‌ಲೆಸ್ ಅಂತ ಓದಿದ ಕೂಡಲೇ ಮನಸ್ಸು ಅದನ್ನು ಚೆಂದ ಮಾಡಿಬಿಡುತ್ತದೆ.

ಕಳೆದ ಮಳೆಗಾಲದಲ್ಲಿ ತಂಗಿಯ ಮಗ ರಜೆಗೆ ಬಂದಿದ್ದಾಗ ನಾವು ಮಾಡಿದ್ದು ಹೀಗೆ. ಸ್ಟುಡಿಯೋದಲ್ಲಿ ರೆಕಾರ್ಡ್ ಆದ ಒಂದು ತೆಂಕುತಿಟ್ಟಿನ ಪದ ಆರಿಸಿದೆವು. ಚೆಂಡೆ, ಮದ್ದಳೆ, ಚಕ್ರತಾಳ ಎಂಬ ಕಂಚಿನ ತಾಳ, ಭಾಗವತರ ಕೈಯಲ್ಲಿ ಜಾಗಟೆ. ಪರೀಕ್ಷೆಗೆ ಇದಕ್ಕಿಂತ ಕಷ್ಟದ ಸದ್ದು ಇನ್ನೊಂದಿಲ್ಲ. ಚೆಂಡೆಯ ಪೆಟ್ಟು ಶೂನ್ಯದಿಂದ ಒಮ್ಮೆಲೇ ಏಳುತ್ತದೆ. ಕಡಿಮೆ ಬಿಟ್‌ರೇಟಿನಲ್ಲಿ ಆ ಪೆಟ್ಟಿನ ಅಂಚು ಕರಗುತ್ತದೆ, ಕೆಲವು ಸಲ ಪೆಟ್ಟಿಗಿಂತ ಒಂದು ಕೂದಲೆಳೆ ಮೊದಲೇ ಸಣ್ಣ ಪೊಳ್ಳು ಸದ್ದು ಕೇಳುತ್ತದೆ. ಸದ್ದನ್ನು ತುಂಡು ತುಂಡು ಮಾಡಿ ಕುಗ್ಗಿಸುವಾಗ ಒಂದು ತುಂಡಿನ ತಪ್ಪು ಆ ಇಡೀ ತುಂಡಿಗೆ ಹರಡುವುದರಿಂದ ಹೀಗಾಗುತ್ತದೆ. ಚಕ್ರತಾಳದ ಸದ್ದು ತುಂಬ ಮೇಲಿನದ್ದು, ನಾಲ್ಕೈದು ಮಾತ್ರೆ ಉದ್ದಕ್ಕೆ ನಿಲ್ಲುವಂಥದ್ದು. ಸರಿಯಾಗಿದ್ದರೆ ಕಂಚಿನ ಮೇಲೆ ಕಂಚು ಅಂತ ಕಣ್ಣು ಮುಚ್ಚಿ ಹೇಳಬಹುದು. ಹಾಳಾದರೆ ಗೆರಸೆಯಲ್ಲಿ ಅಕ್ಕಿ ಕೇರಿದ ಹಾಗೆ ಚುಸ್ಸ್ ಚುಸ್ಸ್.

ಹುಡುಗ ಫೋನ್ ಹಿಡಿದ. ನಾನು ವಯರಿನ ಹೆಡ್‌ಫೋನ್ ಹಾಕಿ ಗೋಡೆಗೆ ಮುಖ ಮಾಡಿ ಕೂತೆ. ಅವನು ಸೆಟ್ಟಿಂಗ್ ಬದಲಿಸುವುದು, ಹಾಡನ್ನು ಮೊದಲಿನಿಂದ ಹಾಕುವುದು, ನಾನು ಯಾವುದು ಅಂತ ಹೇಳುವುದು, ಅವನು ಪುಸ್ತಕದಲ್ಲಿ ಬರೆದುಕೊಳ್ಳುವುದು. ಸರಿಯೋ ತಪ್ಪೋ ಅಂತ ಕೊನೆಯ ತನಕ ಹೇಳಬಾರದು ಎಂದು ಮೊದಲೇ ಮಾತಾಗಿತ್ತು. ಮೊದಲ ಸುತ್ತು, ಅತಿ ಕಡಿಮೆ ಕ್ವಾಲಿಟಿ ಮತ್ತು 320. ಹತ್ತಕ್ಕೆ ಹತ್ತೂ ಸರಿ ಹೇಳಿದೆ, ಚಕ್ರತಾಳವೇ ಹೇಳಿಕೊಟ್ಟಿತು. ಎರಡನೇ ಸುತ್ತು, 320 ಮತ್ತು ಲಾಸ್‌ಲೆಸ್. ಹತ್ತಕ್ಕೆ ಆರು. ಆರು ಅಂದರೆ ನಾಣ್ಯ ಚಿಮ್ಮಿದರೂ ಬರುವಂಥದ್ದು. ಹುಡುಗನ ಕಿವಿ ಎಳೆಯದು, ಅವನು ಎಂಟು ಸರಿ ಹೇಳಿದ. ಚೆಂಡೆ ನಿಂತ ಮೇಲೆ ಉಳಿಯುವ ಗುಂಯ್ ಅನ್ನುವುದನ್ನು ಹಿಡಿದು ಹೇಳಿದೆ ಮಾವ, ಅಂದ. ಅವನಿಗೆ ಲಾಸ್‌ಲೆಸ್ ಬೇಕು, ನನಗೆ 320 ಸಾಕು. ಒಂದೇ ಮನೆಯಲ್ಲಿ ಎರಡು ಉತ್ತರ.

ನೀವು ಮಾಡುವಾಗ ಎರಡು ಜಾಗ್ರತೆ. ಸೆಟ್ಟಿಂಗ್ ಬದಲಿಸಿದರೂ ಈಗಾಗಲೇ ಫೋನಿನೊಳಗೆ ಕೂತ ಹಳೆಯ ತುಂಡೇ ಓಡಬಹುದು. ಬೇರೆ ಒಂದು ಹಾಡು ಹಾಕಿ ಮತ್ತೆ ಬನ್ನಿ, ಸಂಶಯ ಇದ್ದರೆ ಕ್ಯಾಶ್ ಅಳಿಸಿ. ಇನ್ನೊಂದು, ಎರಡು ಬೇರೆ ಆ್ಯಪ್‌ಗಳನ್ನು ಹೋಲಿಸುವಾಗ ವಾಲ್ಯೂಮ್ ಒಂದೇ ಸಮ ಇರಬೇಕು. ಸ್ವಲ್ಪ ಜೋರಾಗಿ ಕೇಳಿದ್ದೇ ಚೆಂದ ಅಂತ ಕಿವಿಗೆ ಅನ್ನಿಸುತ್ತದೆ, ಎಲ್ಲರ ಕಿವಿಗೂ. ಒಂದೊಂದು ಆ್ಯಪ್ ಹಾಡುಗಳನ್ನು ಒಂದೊಂದು ಮಟ್ಟಕ್ಕೆ ಸಮ ಮಾಡುತ್ತದೆ. ಸ್ಪಾಟಿಫೈಯ ಸಾಮಾನ್ಯ ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ), ಬೇರೆಯವರದ್ದು ಬೇರೆ. ವಾಲ್ಯೂಮ್ ನಾರ್ಮಲೈಜೇಷನ್ ಅಂತ ಸೆಟ್ಟಿಂಗಿನಲ್ಲಿ ಇರುವುದನ್ನು, ಆ್ಯಪಲ್‌ನಲ್ಲಾದರೆ ಸೌಂಡ್ ಚೆಕ್ ಅನ್ನುವುದನ್ನು, ಎರಡೂ ಕಡೆ ಆಫ್ ಮಾಡಿ ಕಿವಿಯಲ್ಲೇ ಸಮ ಮಾಡಿಕೊಳ್ಳಿ. "ಈ ಆ್ಯಪ್ ಆ ಆ್ಯಪಿಗಿಂತ ಭಾರೀ ಕ್ಲಿಯರ್" ಅನ್ನುವವರಲ್ಲಿ ಹೆಚ್ಚಿನವರು ಕೇಳಿದ್ದು ಈ ವಾಲ್ಯೂಮಿನ ವ್ಯತ್ಯಾಸವನ್ನೇ.

ಸುತ್ತಲಿಂದ ಬರುವ ಸದ್ದು

ಭಾವ ಕೇಳಿದ ಇನ್ನೊಂದು ವಿಷಯ ಇದು. ಅಟ್ಮಾಸ್ ಮೊದಲು ಬಂದದ್ದು ಸಿನಿಮಾ ಟಾಕೀಸಿಗೆ, 2012ರಲ್ಲಿ. ಮಾಮೂಲಿ ಸ್ಟೀರಿಯೋದಲ್ಲಿ ಎಡ ಒಂದು, ಬಲ ಒಂದು, ಅಷ್ಟರಲ್ಲೇ ಎಲ್ಲವನ್ನೂ ಕಲಸಿ ಇಟ್ಟಿರುತ್ತಾರೆ. ಅಟ್ಮಾಸಿನಲ್ಲಿ ಕೊಳಲು ಬೇರೆ, ಕೋರಸ್ ಬೇರೆ, ಒಂದೊಂದರ ಜತೆಗೆ ಅದು ಎಲ್ಲಿರಬೇಕು ಎಂಬ ಗುರುತು. ಟಾಕೀಸಿನ ಅಟ್ಮಾಸಿನಲ್ಲಿ ಹೀಗೆ 128ರ ತನಕ ಇಡಬಹುದು. ನಿಮ್ಮ ಹತ್ತಿರ ಎರಡು ಸ್ಪೀಕರ್ ಇದ್ದರೆ ಎರಡಕ್ಕೆ, ಹನ್ನೆರಡು ಇದ್ದರೆ ಹನ್ನೆರಡಕ್ಕೆ, ಆ ಸಾಮಾನೇ ಲೆಕ್ಕ ಹಾಕಿ ಹಂಚುತ್ತದೆ. ಹೆಡ್‌ಫೋನ್ ಆದರೆ ಎರಡು ಕಿವಿಗೆ ಸದ್ದು ತಲುಪುವ ಹೊತ್ತಿನ ವ್ಯತ್ಯಾಸ, ಕಿವಿಯ ಆಕಾರಕ್ಕೆ ಆಗುವ ಬದಲಾವಣೆ ಎಲ್ಲ ಸೇರಿಸಿ, ಹಿಂದಿನಿಂದ ಬಂದ ಹಾಗೆ ಭ್ರಮೆ ಮಾಡಿಸುತ್ತದೆ. ಎಲ್ಲರ ಕಿವಿಯ ಆಕಾರ ಒಂದೇ ಅಲ್ಲವಲ್ಲ, ಅದಕ್ಕೇ ಒಬ್ಬರಿಗೆ ಅದ್ಭುತ ಅನ್ನಿಸಿದ್ದು ಇನ್ನೊಬ್ಬರಿಗೆ ಬಾವಿಯೊಳಗೆ ಹಾಡಿದ ಹಾಗೆ ಕೇಳುತ್ತದೆ. ಐಫೋನಿನಲ್ಲಿ ಕ್ಯಾಮೆರಾದಿಂದ ಕಿವಿಯನ್ನು ಸ್ಕ್ಯಾನ್ ಮಾಡಿ ಅದಕ್ಕೆ ತಕ್ಕಂತೆ ಹೊಂದಿಸುವ ಸೌಲಭ್ಯ ಉಂಟು. ಏರ್‌ಪಾಡ್ಸ್ ಇದ್ದವರು ಅದನ್ನು ಮಾಡಿಕೊಳ್ಳಿ, ವ್ಯತ್ಯಾಸ ಗೊತ್ತಾಗುತ್ತದೆ.

ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. ಅಟ್ಮಾಸ್ ಅಂದರೆ ಲಾಸ್‌ಲೆಸ್‌ಗಿಂತ ಮೇಲಿನ ಕ್ವಾಲಿಟಿ ಅಂತ ಹಲವರು ಎಣಿಸಿದ್ದಾರೆ. ಹಾಗಲ್ಲ. ಆ್ಯಪ್ ಮೂಲಕ ಬರುವ ಅಟ್ಮಾಸ್ ಕುಗ್ಗಿಸಿದ್ದೇ, ಹೆಚ್ಚೆಂದರೆ 768 ಕೆಬಿಪಿಎಸ್. ಅದರ ಚೆಂದ ಇರುವುದು ಜಾಗದಲ್ಲಿ. ಒಳ್ಳೆಯ ಎಂಜಿನಿಯರ್ ಕೂತು ಮಿಕ್ಸ್ ಮಾಡಿದ ಹಾಡಿನಲ್ಲಿ ಕಣ್ಣು ಮುಚ್ಚಿದರೆ ವಾದ್ಯಗಾರರ ನಡುವೆ ಕೂತ ಅನುಭವ, ಅದನ್ನು ನಾನು ಮನಸಾರೆ ಹೊಗಳುತ್ತೇನೆ. ಆದರೆ ಮೋನೋದಲ್ಲಿ ರೆಕಾರ್ಡ್ ಆದ ಹಳೆಯ ಹಾಡನ್ನು ಈಗ ಬಿಡಿಸಿ ಸುತ್ತ ಹರಡಿದರೆ ಕೆಲವು ಸಲ ಹಾಡುವವರ ದನಿಯೇ ತೆಳ್ಳಗಾಗಿ ದೂರ ಹೋಗುತ್ತದೆ. ಅಂಥ ಹಾಡಿಗೆ ಅಟ್ಮಾಸ್ ಆಫ್ ಮಾಡಿ ಕೇಳಿ. ಆ್ಯಪಲ್ ಮ್ಯೂಸಿಕ್‌ನಲ್ಲಿ ಆಟೋಮ್ಯಾಟಿಕ್, ಆಲ್ವೇಸ್ ಆನ್, ಆಫ್ ಅಂತ ಮೂರು ಉಂಟು. ಮತ್ತೆ 8ಡಿ ಆಡಿಯೋ ಅಂತ ಎಲ್ಲೆಲ್ಲೂ ಓಡಾಡುತ್ತದಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಮಾಮೂಲಿ ಸ್ಟೀರಿಯೋ ಹಾಡನ್ನು ಎಡದಿಂದ ಬಲಕ್ಕೆ ತಿರುಗಿಸುವುದು ಅಷ್ಟೆ.

ಸೌಂಡ್‌ಬಾರ್ ತೆಗೆಯುವ ಆಲೋಚನೆ ಇದ್ದವರು ತಲೆ ಎತ್ತಿ ಮನೆಯ ಮಾಡು (ಸೂರು) ನೋಡಿ. ಹೆಚ್ಚಿನ ಅಟ್ಮಾಸ್ ಸೌಂಡ್‌ಬಾರ್‌ಗಳಲ್ಲಿ ಮೇಲ್ಮುಖವಾಗಿ ಕೂತ ಸ್ಪೀಕರ್ ಇರುತ್ತದೆ. ಅದು ಸದ್ದನ್ನು ಸೀಲಿಂಗಿಗೆ ಹೊಡೆದು, ಅಲ್ಲಿಂದ ನಿಮ್ಮ ಕಿವಿಗೆ ಪುಟಿಸುತ್ತದೆ. ಸೀಲಿಂಗ್ ಚಪ್ಪಟೆ ಇರಬೇಕು, ಗಟ್ಟಿ ಇರಬೇಕು. ನಮ್ಮ ಹಂಚಿನ ಮಾಡು ಇಳಿಜಾರು, ನಡುವೆ ಪಕ್ಕಾಸು, ರೀಪು, ಸಂದು. ಹೋದ ಸದ್ದು ಎಲ್ಲೆಲ್ಲಿಗೋ ಹೋಗುತ್ತದೆ. ಒಂದು ಅಂಗಡಿಯಲ್ಲಿ ಕೇಳಿ ಮರುಳಾಗಿ ನಾನೊಂದು ತಂದಿದ್ದೆ. ಅಂಗಡಿಯ ಮಾಡು ಕಾಂಕ್ರೀಟಿನದ್ದು, ನನ್ನ ಚಾವಡಿಯದ್ದು ಹಂಚು, ಯಾವ ಮನೆ ಅಂತ ಅವರು ಕೇಳಲೂ ಇಲ್ಲ. ಈಗ ಅದು ಅಣ್ಣನ ಟೆರೇಸ್ ಮನೆಯಲ್ಲಿ ಉಂಟು, ಅಲ್ಲಿ ಚೆನ್ನಾಗಿಯೇ ಕೇಳುತ್ತದೆ. ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳುವ ಸದ್ದು ಬೇರೆ. ಹಂಚಿನ ಮನೆಯವರಿಗೆ ನನ್ನ ಸಲಹೆ: ಅಟ್ಮಾಸನ್ನು ಹೆಡ್‌ಫೋನಿನಲ್ಲಿ ಕೇಳಿ, ಚಾವಡಿಗೆ ಒಳ್ಳೆಯ ಎರಡು ಸ್ಟೀರಿಯೋ ಸ್ಪೀಕರ್ ಇಡಿ. ಟಿವಿಗೆ ಸೌಂಡ್‌ಬಾರ್ ಜೋಡಿಸುವವರು ಎಚ್‌ಡಿಎಂಐ ಎಆರ್‌ಸಿ ಅಂತ ಬರೆದ ತೂತಿಗೇ ಚುಚ್ಚಿ, ಆಪ್ಟಿಕಲ್ ಕೇಬಲ್‌ನಲ್ಲಿ ಅಟ್ಮಾಸ್ ಬರುವುದಿಲ್ಲ.

ಪ್ಲೇಲಿಸ್ಟ್ ನಿಮ್ಮದಲ್ಲ

ರೆಸ್ಸೋ ಎಂಬ ಹಾಡಿನ ಆ್ಯಪ್ 2024ರ ಜನವರಿಯಲ್ಲಿ ಭಾರತದಲ್ಲಿ ನಿಂತಿತು. ಅದೇ ವರ್ಷ ವಿಂಕ್ ಎಂಬ ಆ್ಯಪ್ ಕೂಡ ನಿಲ್ಲಿಸುವ ಸುದ್ದಿ ಬಂತು. ವರ್ಷಗಟ್ಟಲೆ ಕೂಡಿಸಿದ ಪಟ್ಟಿ ಒಂದು ದಿನ ಬೆಳಗ್ಗೆ ಇಲ್ಲ. ಆದ್ದರಿಂದ ತಿಂಗಳಿಗೊಮ್ಮೆ ನಿಮ್ಮ ಪಟ್ಟಿಯನ್ನು ಎಲ್ಲಾದರೂ ಬರೆದಿಡಿ, ಸ್ಕ್ರೀನ್‌ಶಾಟ್ ಆದರೂ ಸಾಕು. ಅಪರೂಪದ ಹಾಡಾದರೆ ಸಿಡಿಯೋ ಫೈಲೋ ಕೈಯಲ್ಲಿರಲಿ.

ನಮ್ಮ ಕಡೆಯ ಮನೆಗಳಲ್ಲಿ ಕ್ಯಾಸೆಟ್ ಪೆಟ್ಟಿಗೆ ಇನ್ನೂ ಉಂಟು. ತಾಳಮದ್ದಳೆ, ಮದುವೆಯ ನಾದಸ್ವರ, ಅಜ್ಜಿ ಹಾಡಿದ ಶೋಭಾನೆ. ಅದು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ, ಆದರೆ ಆ್ಯಪಿಗೆ ಹಾಕಿಕೊಳ್ಳಬಹುದು. ಟೇಪ್ ರೆಕಾರ್ಡರಿನ ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ, ಇಲ್ಲದಿದ್ದರೆ ರೀಲು ಅಂಟಿಕೊಂಡು ಕುಂಯ್ ಅನ್ನುತ್ತದೆ. ಲೈನ್ ಔಟ್‌ನಿಂದ ಕಂಪ್ಯೂಟರಿಗೆ ವಯರ್ ಕೊಟ್ಟು, ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ 16 ಬಿಟ್ 44.1ರಲ್ಲಿ ರೆಕಾರ್ಡ್ ಮಾಡಿ, ಫ್ಲಾಕ್ ಎಂಬ ಲಾಸ್‌ಲೆಸ್ ಫೈಲಾಗಿ ಉಳಿಸಿ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಕಂಪ್ಯೂಟರ್ ಬ್ರೌಸರ್ ಮೂಲಕ ಸ್ವಂತ ಹಾಡು ಏರಿಸಬಹುದು, ಒಂದು ಲಕ್ಷದ ತನಕ, ಅದು ನಿಮಗೆ ಮಾತ್ರ ಕಾಣುತ್ತದೆ. ಆ್ಯಪಲ್ ಮ್ಯೂಸಿಕ್‌ನಲ್ಲೂ ಕಂಪ್ಯೂಟರಿನಿಂದ ಸೇರಿಸಬಹುದು, ಆದರೆ ಅದು ಫ್ಲಾಕ್ ತೆಗೆದುಕೊಳ್ಳುವುದಿಲ್ಲ, ಫೈಲನ್ನು ಬೇರೆ ರೂಪಕ್ಕೆ ಬದಲಿಸಿ ಹಾಕಬೇಕು. ಏರಿಸಿದ ಮೇಲೂ ಮೂಲ ಫೈಲನ್ನು ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.

ಕೊನೆಗೆ ಭಾವನ ಉತ್ತರಗಳು ಹೀಗಿದ್ದವು. ಕೇಳುವುದು ಮುಕ್ಕಾಲು ಪಾಲು ಯಕ್ಷಗಾನ. ಕೇಳುವುದು ಬ್ಲೂಟೂತ್ ಸ್ಪೀಕರಿನಲ್ಲಿ. ಕೂರುವುದು ಹಂಚಿನ ಮನೆಯ ಜಗಲಿಯಲ್ಲಿ, ಅಡಿಕೆ ಸುಲಿಯುತ್ತಾ. ಅವರಿಗೆ ಅಟ್ಮಾಸ್ ಬೇಡ, ಲಾಸ್‌ಲೆಸ್ ಬೇಡ, ಯೂಟ್ಯೂಬ್ ಮ್ಯೂಸಿಕ್ ಪ್ರೀಮಿಯಂ ತೆಗೆದುಕೊಳ್ಳಿ, ಕ್ವಾಲಿಟಿ ಹೈ ಮಾಡಿಕೊಳ್ಳಿ, ಒಂದು ವಯರಿನ ಹೆಡ್‌ಫೋನ್ ಮತ್ತು ಡಾಂಗಲ್ ತೆಗೆದುಕೊಳ್ಳಿ ಅಂದೆ. ಒಂದು ವಾರ ಕಳೆದು ಮತ್ತೆ ಫೋನ್ ಬಂತು. "ಮದ್ದಳೆಯ ಬಲ ಮುಚ್ಚಿಗೆ ಬೆರಳು ತಾಗುವುದು ಕೇಳ್ತದೆ ಮಾರಾಯ! ಮತ್ತೆ ಅಟ್ಟದಲ್ಲಿ ಅಪ್ಪನ ಕ್ಯಾಸೆಟ್ ಪೆಟ್ಟಿಗೆ ಸಿಕ್ಕಿದೆ, ನಲವತ್ತರ ಹತ್ತಿರ ಇರಬಹುದು." ಬರುವ ಆದಿತ್ಯವಾರ ಟೇಪ್ ರೆಕಾರ್ಡರ್, ಹತ್ತಿ, ಸ್ಪಿರಿಟ್ ಬಾಟ್ಲಿ ಎಲ್ಲ ಚೀಲಕ್ಕೆ ಹಾಕಿ ನೀರ್ಚಾಲಿಗೆ ಹೋಗಲಿಕ್ಕುಂಟು.